ಹಡಗಿನಲ್ಲಿ ಕರೆಂಟು ಹೋದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗ ಸರಕು ಹಡಗೊಂದರಲ್ಲಿ ತರಬೇತಿ ಎಂಜಿನಿಯರ್ ಆಗಿ ಸೇರಿದ್ದಾನೆ. ಕಳೆದ ಬಾರಿ ಫೋನ್ ಮಾಡಿದಾಗ, ಹಡಗಿನಲ್ಲಿ ಬ್ಲ್ಯಾಕ್‌ಔಟ್ ಆಗಿ ಮುಖ್ಯ ಎಂಜಿನ್ ಕೂಡ ನಿಂತುಹೋಗಿತ್ತು ಎಂದ. ಎಂಜಿನ್ ನಡೆಯುವುದು ಎಣ್ಣೆಯಿಂದಲ್ಲವೇ? ಕರೆಂಟು ಹೋದರೆ ಅದೇಕೆ ನಿಲ್ಲಬೇಕು?

ಉತ್ತರ: ಎಣ್ಣೆಯಿಂದಲೇ ನಡೆಯುತ್ತದೆ ಎಂಬುದು ನಿಜ. ಆದರೆ ದೊಡ್ಡ ಹಡಗುಗಳಲ್ಲಿ ಆ ಇಂಧನವನ್ನು ಎಂಜಿನ್ನಿಗೆ ತಲುಪಿಸುವ ಪಂಪು, ಬೇರಿಂಗುಗಳಿಗೆ ಲೂಬ್ರಿಕೇಟಿಂಗ್ ಆಯಿಲ್ ಕಳಿಸುವ ಪಂಪು, ಎಂಜಿನ್ನನ್ನು ತಂಪಾಗಿಡುವ ನೀರಿನ ಪಂಪು ಇವೆಲ್ಲ ಸಾಮಾನ್ಯವಾಗಿ ವಿದ್ಯುತ್ತಿನಿಂದ ನಡೆಯುತ್ತವೆ. ಕರೆಂಟು ಹೋದೊಡನೆ ಆಯಿಲ್ ಒತ್ತಡ ಕುಸಿಯುತ್ತದೆ. ಒತ್ತಡವಿಲ್ಲದೆ ಓಡಿದರೆ ಬೇರಿಂಗುಗಳು ಸುಟ್ಟುಹೋಗುವುದರಿಂದ ರಕ್ಷಣಾ ವ್ಯವಸ್ಥೆಯೇ ಎಂಜಿನ್ನನ್ನು ನಿಲ್ಲಿಸಿಬಿಡುತ್ತದೆ. ಆದ್ದರಿಂದ ನಿಮ್ಮ ಮಗನ ಹಡಗಿನಲ್ಲಿ ಎಂಜಿನ್ ನಿಂತದ್ದನ್ನು ಎಂಜಿನ್ನಿನ ದೋಷವೆಂದು ಭಾವಿಸಬೇಕಾಗಿಲ್ಲ.

ನಿಜವಾದ ಅಪಾಯ ಕತ್ತಲೆಯಲ್ಲ. ಎಂಜಿನ್ ನಿಂತರೂ ಹಡಗು ನಿಲ್ಲುವುದಿಲ್ಲ. ತುಂಬಿದ ದೊಡ್ಡ ಹಡಗು ತನ್ನ ಭಾರದ ರಭಸಕ್ಕೇ ಮೈಲಿಗಟ್ಟಲೆ ಸಾಗುತ್ತದೆ. ಪ್ರೊಪೆಲರ್ ತಿರುಗಿ ನೀರನ್ನು ತಳ್ಳದಿದ್ದಾಗ ಚುಕ್ಕಾಣಿಗೆ ಸಿಗುವ ಹಿಡಿತವೂ ಕಡಿಮೆಯಾಗುತ್ತದೆ. ನಡುಗಡಲಿನಲ್ಲಿ, ಹವಾಮಾನ ಶಾಂತವಾಗಿದ್ದಾಗ, ಇದರಿಂದ ಆಗುವುದು ಸಾಮಾನ್ಯವಾಗಿ ಸ್ವಲ್ಪ ಹೊತ್ತಿನ ವಿಳಂಬವಷ್ಟೇ. ಬಂದರಿನ ಕಾಲುವೆಯಲ್ಲಾದರೆ ಕೆಲವೇ ನಿಮಿಷಗಳಲ್ಲಿ ದುರಂತವಾಗಬಹುದು.

ಪ್ರಶ್ನೆ: ನಾನು ಇದೀಗ ಕಿರಿಯ ಎಂಜಿನಿಯರ್ ಆಗಿ ಹಡಗು ಹತ್ತಲಿದ್ದೇನೆ. ನನ್ನ ವಾಚಿನಲ್ಲಿ (ಕೆಲಸದ ಪಾಳಿಯಲ್ಲಿ) ಬ್ಲ್ಯಾಕ್‌ಔಟ್ ಆದರೆ ಮೊದಲು ಏನು ಮಾಡಬೇಕು?

ಉತ್ತರ: ಮೊದಲು ಬ್ರಿಡ್ಜಿಗೆ (ಹಡಗನ್ನು ನಡೆಸುವ ಮೇಲಿನ ಕೋಣೆಗೆ) ಮತ್ತು ಮುಖ್ಯ ಎಂಜಿನಿಯರರಿಗೆ ತಿಳಿಸಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎಂಜಿನ್ ರೂಮಿನಲ್ಲಿ ನೂರಾರು ಅಲಾರಂಗಳು ಒಟ್ಟಿಗೇ ಹೊಡೆದುಕೊಳ್ಳುವಾಗ ಕೈ ತಾನಾಗಿಯೇ ಸ್ವಿಚ್‌ಬೋರ್ಡಿನತ್ತ ಹೋಗುತ್ತದೆ. ಆದರೆ ಲಂಗರು ಬಿಡಬೇಕೆ, ಸುತ್ತಲಿನ ಹಡಗುಗಳನ್ನು ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ಲಿನಲ್ಲಿ ಎಚ್ಚರಿಸಬೇಕೆ, ಹಡಗನ್ನು ಎಳೆಯುವ ಟಗ್ ದೋಣಿಗಳನ್ನು ಕರೆಯಬೇಕೆ ಎಂಬುದನ್ನು ಕಪ್ತಾನರು ತೀರ್ಮಾನಿಸಬೇಕಾದರೆ ‘ಎಂಜಿನ್ ಸಿಗುವುದಿಲ್ಲ’ ಎಂಬ ಸುದ್ದಿ ಅವರಿಗೆ ಕೂಡಲೇ ತಲುಪಿರಬೇಕು. ಹಡಗು ಹತೋಟಿಯಲ್ಲಿಲ್ಲ ಎಂದು ತೋರಿಸಲು ರಾತ್ರಿಯಲ್ಲಿ ಒಂದರ ಮೇಲೊಂದು ಎರಡು ಕೆಂಪು ದೀಪಗಳನ್ನೂ ಹಗಲಿನಲ್ಲಿ ಎರಡು ಕಪ್ಪು ಚೆಂಡುಗಳನ್ನೂ ಏರಿಸುವುದು ಅವರ ಕಡೆಯ ಕೆಲಸ.

ಅಷ್ಟರಲ್ಲಿ ಯಂತ್ರಗಳು ತಮ್ಮ ಪಾಲಿನ ಕೆಲಸ ಮಾಡುತ್ತಿರುತ್ತವೆ. ಸ್ಟ್ಯಾಂಡ್‌ಬೈ ಜನರೇಟರ್ ತಾನಾಗಿಯೇ ಶುರುವಾಗಿ ಮುಖ್ಯ ಸ್ವಿಚ್‌ಬೋರ್ಡಿಗೆ ಸೇರಿಕೊಳ್ಳಬೇಕು. ಅದು ಬರದಿದ್ದರೂ ತುರ್ತು ಜನರೇಟರ್ 45 ಸೆಕೆಂಡುಗಳೊಳಗೆ ಚಾಲೂ ಆಗಿ ತುರ್ತು ಸ್ವಿಚ್‌ಬೋರ್ಡಿಗೆ ವಿದ್ಯುತ್ ಕೊಡಬೇಕು ಎಂಬುದು ಸೋಲಾಸ್ ಎಂಬ ಅಂತರರಾಷ್ಟ್ರೀಯ ಹಡಗು ಸುರಕ್ಷತಾ ಒಪ್ಪಂದದ ನಿಯಮ. ಅದು ಬಂದಿದೆಯೇ ಎಂಬುದನ್ನು ನೋಡಿ. ಬಾರದಿದ್ದರೆ ಒಬ್ಬರನ್ನು ಮೇಲಿರುವ ತುರ್ತು ಜನರೇಟರಿನ ಕೋಣೆಗೆ ಕಳಿಸಿ ಕೈಯಾರೆ ಚಾಲೂ ಮಾಡಿಸಿ.

ಇನ್ನು ಕಾರಣದ ವಿಚಾರ. ನಿಂತ ಜನರೇಟರನ್ನು ‘ರೀಸೆಟ್’ ಮಾಡಿ ಮತ್ತೆ ಮತ್ತೆ ಸ್ಟಾರ್ಟ್ ಬಟನ್ ಒತ್ತುವುದನ್ನು ದಯವಿಟ್ಟು ಮಾಡಬೇಡಿ. ಪ್ರತಿ ಪ್ರಯತ್ನಕ್ಕೂ, ಅದನ್ನು ಚಾಲೂ ಮಾಡಲೆಂದು ಸಿಲಿಂಡರಿನಲ್ಲಿ ಒತ್ತಿ ಕೂಡಿಟ್ಟ ಗಾಳಿ ಖರ್ಚಾಗುತ್ತದೆ. ಅದನ್ನು ತುಂಬುವ ಕಂಪ್ರೆಸರಿಗೂ ಕರೆಂಟೇ ಬೇಕು. ಮೊದಲು ಅಲಾರಂ ಪಟ್ಟಿಯಲ್ಲಿ ಮೊಟ್ಟಮೊದಲು ದಾಖಲಾದದ್ದು ಯಾವುದು ಎಂದು ಓದಿ, ಏಕೆಂದರೆ ನಂತರದವುಗಳಲ್ಲಿ ಹೆಚ್ಚಿನವು ಅದರ ಪರಿಣಾಮಗಳು. ಇಂಧನದ ಒತ್ತಡ ಮೊದಲು ಕುಸಿದಿದ್ದರೆ ಫಿಲ್ಟರ್ ಕಟ್ಟಿರಬಹುದು, ಇಂಧನದಲ್ಲಿ ನೀರು ಸೇರಿರಬಹುದು. ಬ್ರೇಕರ್, ಅಂದರೆ ವಿದ್ಯುತ್ ಸಂಪರ್ಕ ಕಡಿಯುವ ಸ್ವಿಚ್, ಓವರ್‌ಲೋಡಿನಿಂದ ಬಿದ್ದಿದ್ದರೆ ಜನರೇಟರ್ ಇನ್ನೂ ಓಡುತ್ತಲೇ ಇರಬಹುದು, ಆಗ ಹುಡುಕಬೇಕಾದ ಜಾಗವೇ ಬೇರೆ. ಕಾರಣ ತಿಳಿಯದೆ ಇನ್ನೊಂದು ಜನರೇಟರನ್ನು ಅದೇ ಕೊಳಕು ಇಂಧನಕ್ಕೆ ಜೋಡಿಸಿದರೆ ಅದೂ ನಿಲ್ಲುತ್ತದೆ. ವಿದ್ಯುತ್ ಮರಳಿದ ಮೇಲೂ ಎಲ್ಲ ಮೋಟರುಗಳನ್ನು ಒಂದೇ ಸಲಕ್ಕೆ ಹಾಕದೆ ಚುಕ್ಕಾಣಿ, ಲೂಬ್ರಿಕೇಟಿಂಗ್ ಆಯಿಲ್, ತಂಪಿನ ನೀರು, ಇಂಧನ ಇವುಗಳಿಗೆ ಆದ್ಯತೆ ಕೊಟ್ಟು ಒಂದೊಂದಾಗಿ ಶುರುಮಾಡಿ. ಏರ್ ಕಂಡೀಷನರ್, ಅಡುಗೆಮನೆಗಳ ಸರದಿ ಆಮೇಲೆ ಬರಲಿ.

ಇಂಧನ ಬದಲಾವಣೆಯ ಹೊತ್ತಿನಲ್ಲಿ ವಿಶೇಷವಾಗಿ ಜಾಗರೂಕರಾಗಿರಿ. ಹೊಗೆಯಿಂದ ಗಂಧಕವನ್ನು ತೆಗೆಯುವ ಸ್ಕ್ರಬರ್ ಇಲ್ಲದ ಹಡಗುಗಳು 2020ರಿಂದ ಎಲ್ಲೆಡೆ ಶೇ 0.50ಕ್ಕಿಂತ ಹೆಚ್ಚು ಗಂಧಕವಿಲ್ಲದ ಇಂಧನವನ್ನು, ಗಂಧಕ ನಿಯಂತ್ರಣ ವಲಯಗಳಲ್ಲಿ ಶೇ 0.10ಕ್ಕಿಂತ ಹೆಚ್ಚು ಗಂಧಕವಿಲ್ಲದ ಇಂಧನವನ್ನು ಉರಿಸಬೇಕು. ಬಿಸಿ ಮಾಡಿ ಉರಿಸುವ ದಪ್ಪ ಎಣ್ಣೆಯಿಂದ ತೆಳು ಡೀಸೆಲ್ಲಿಗೆ ಅವಸರದಲ್ಲಿ ಬದಲಾಯಿಸಿದರೆ ತಾಪಮಾನ ಹಠಾತ್ತನೆ ಇಳಿದು ಪಂಪುಗಳು ಸಿಕ್ಕಿಕೊಳ್ಳುವುದೂ ಉಂಟು, ತೆಳು ಎಣ್ಣೆ ಸೋರಿ ಒತ್ತಡ ಇಳಿಯುವುದೂ ಉಂಟು. ಹಡಗು ಬಂದರಿನ ಸಮೀಪಕ್ಕೆ ಬರುವುದಕ್ಕಿಂತ ಸಾಕಷ್ಟು ಮುಂಚೆಯೇ ಈ ಕೆಲಸ ಮುಗಿದಿರಬೇಕು.

ಪ್ರಶ್ನೆ: 2024ರಲ್ಲಿ ಬಾಲ್ಟಿಮೋರಿನ ಸೇತುವೆಗೆ ಹಡಗೊಂದು ಡಿಕ್ಕಿ ಹೊಡೆಯಿತು. ಆ ಹಡಗಿನಲ್ಲಿ ತುರ್ತು ಜನರೇಟರ್ ಇರಲಿಲ್ಲವೇ?

ಉತ್ತರ: ಇತ್ತು. ಆದರೆ ತುರ್ತು ಜನರೇಟರಿನಿಂದ ಮುಖ್ಯ ಎಂಜಿನ್ ನಡೆಯುವುದಿಲ್ಲ ಎಂಬುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ತುರ್ತು ದೀಪಗಳು, ರೇಡಿಯೊ, ಸಂಚಾರ ದೀಪಗಳು, ಬೆಂಕಿ ನಂದಿಸುವ ಒಂದು ಪಂಪು, ಚುಕ್ಕಾಣಿಯ ಒಂದು ಮೋಟರು, ಇಂಥವುಗಳಿಗಷ್ಟೇ ಅದು ಸಾಲುತ್ತದೆ. ಸರಕು ಹಡಗಿನಲ್ಲಿ ಈ ಸೇವೆಗಳಲ್ಲಿ ಹೆಚ್ಚಿನವನ್ನು 18 ಗಂಟೆ, ಪ್ರಯಾಣಿಕರ ಹಡಗಿನಲ್ಲಿ 36 ಗಂಟೆ ನಡೆಸುವಷ್ಟು ಸಾಮರ್ಥ್ಯ ಅದಕ್ಕಿರಬೇಕು.

ಮಾರ್ಚ್ 26ರ ನಸುಕಿನಲ್ಲಿ ‘ಡಾಲಿ’ ಎಂಬ ಆ ಕಂಟೇನರ್ ಹಡಗಿನಲ್ಲಿ ಮೊದಲ ಬ್ಲ್ಯಾಕ್‌ಔಟ್ ಆದದ್ದು ಒಂದು ಸಡಿಲ ತಂತಿಯಿಂದ ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಂಡುಕೊಂಡಿತು. ತಂತಿಯ ತುದಿಗೆ ಹಾಕಿದ್ದ ಗುರುತಿನ ಪಟ್ಟಿ ಸರಿಯಾದ ಜಾಗದಲ್ಲಿರದೆ, ತಂತಿ ಟರ್ಮಿನಲ್ಲಿನೊಳಗೆ ಪೂರ್ತಿ ಕೂತಿರಲಿಲ್ಲ. ಬ್ರೇಕರ್ ತೆರೆದುಕೊಂಡಿತು, ಪಂಪುಗಳು ನಿಂತವು, ಮುಖ್ಯ ಎಂಜಿನ್ ತಾನಾಗಿ ನಿಂತುಹೋಯಿತು. ಸಿಬ್ಬಂದಿ ವಿದ್ಯುತ್ತನ್ನು ಬೇಗನೆ ಮರಳಿಸಿದರು. ಆದರೆ ಓಡುತ್ತಿದ್ದ ಜನರೇಟರುಗಳಿಗೆ ಇಂಧನ ಕೊಡಲು ಬಳಸುತ್ತಿದ್ದದ್ದು, ಕೊಳವೆ ತೊಳೆಯುವುದಕ್ಕೆಂದು ಇಟ್ಟಿದ್ದ, ಕರೆಂಟು ಮರಳಿದ ಮೇಲೆ ತಾನಾಗಿ ಶುರುವಾಗದ ಪಂಪು. ಇಂಧನದ ಒತ್ತಡ ಕುಸಿದು ಎರಡನೆಯ ಸಲ ಕತ್ತಲಾಯಿತು. ಮೊದಲ ಬ್ಲ್ಯಾಕ್‌ಔಟಿನಿಂದ ಸೇತುವೆ ಕುಸಿಯುವವರೆಗೆ ಇದ್ದ ಸಮಯ ಸುಮಾರು ನಾಲ್ಕು ನಿಮಿಷ. ಹಡಗಿನಿಂದ ಬಂದ ಎಚ್ಚರಿಕೆಯಿಂದಾಗಿ ಪೊಲೀಸರು ವಾಹನಗಳನ್ನು ತಡೆದರು, ಅನೇಕ ಜೀವಗಳು ಉಳಿದವು. ಸೇತುವೆಯ ಮೇಲೆ ರಸ್ತೆ ದುರಸ್ತಿ ಮಾಡುತ್ತಿದ್ದ 6 ಮಂದಿ ಕಾರ್ಮಿಕರು ಉಳಿಯಲಿಲ್ಲ. ಪಂಪಿನ ವಿಷಯ ನನ್ನನ್ನು ತಂತಿಗಿಂತ ಹೆಚ್ಚು ಕಾಡುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗಿನ ತಂತಿ ಕಣ್ಣಿಗೆ ಬೀಳದಿರಬಹುದು. ಪಂಪು ಎಲ್ಲರೆದುರು ದಿನವೂ ಓಡುತ್ತಿತ್ತು.

ಪ್ರಶ್ನೆ: ತುರ್ತು ಜನರೇಟರನ್ನು ಪ್ರತಿ ವಾರ ಪರೀಕ್ಷಿಸುತ್ತಾರೆ ಎನ್ನುತ್ತಾರೆ. ಆದರೂ ಬೇಕಾದ ಹೊತ್ತಿಗೆ ಅದು ಕೈಕೊಡುವುದೇಕೆ?

ಉತ್ತರ: ಪರೀಕ್ಷೆ ನಡೆಯುವ ರೀತಿಯನ್ನು ನೋಡಿದರೆ ತಿಳಿಯುತ್ತದೆ. ಅನೇಕ ಹಡಗುಗಳಲ್ಲಿ ಒಬ್ಬರು ಹೋಗಿ ಬಟನ್ ಒತ್ತಿ, ಲೋಡ್ ಇಲ್ಲದೆ ಸ್ವಲ್ಪ ಹೊತ್ತು ಓಡಿಸಿ, ಪುಸ್ತಕದಲ್ಲಿ ಬರೆದು ಬರುತ್ತಾರೆ. ಇದರಿಂದ ಎಂಜಿನ್ ಸರಿಯಿದೆ ಎಂದಷ್ಟೇ ಗೊತ್ತಾಗುತ್ತದೆ. ಕರೆಂಟು ಹೋದದ್ದು ಅದಕ್ಕೆ ತಾನಾಗಿ ತಿಳಿಯುತ್ತದೆಯೇ, ಬ್ರೇಕರ್ ಸೇರುತ್ತದೆಯೇ, ಲೋಡ್ ಹೊತ್ತು ರೇಡಿಯೇಟರ್ ಬಿಸಿಯಾದಾಗಲೂ ನಿಲ್ಲದೆ ಓಡುತ್ತದೆಯೇ ಎಂಬುದು ತಿಳಿಯಬೇಕಾದರೆ, ಹಡಗು ಸುರಕ್ಷಿತ ಜಾಗದಲ್ಲಿರುವಾಗ ಕಪ್ತಾನರ ಒಪ್ಪಿಗೆ ಪಡೆದು, ಮುಖ್ಯ ಸ್ವಿಚ್‌ಬೋರ್ಡಿನಿಂದ ತುರ್ತು ಸ್ವಿಚ್‌ಬೋರ್ಡಿಗೆ ಬರುವ ಬ್ರೇಕರನ್ನು ತೆರೆದೇ ನೋಡಬೇಕು. ಪರೀಕ್ಷೆ ಮುಗಿಸಿ ಹೊರಡುವಾಗ ಸೆಲೆಕ್ಟರ್ ಸ್ವಿಚ್ ‘ಆಟೋ’ದಲ್ಲಿದೆಯೇ, ಗಾಳಿಯ ಕಿಟಕಿ ತೆರೆದಿದೆಯೇ, ಇಂಧನದ ವಾಲ್ವ್ ತೆರೆದಿದೆಯೇ ಎಂದು ಕೈ ಇಟ್ಟು ನೋಡಿಯೇ ಬಾಗಿಲು ಹಾಕಿ.

ಪ್ರಶ್ನೆ: ಪ್ರಯಾಣಿಕರ ಹಡಗಿನಲ್ಲಿ ಹೀಗಾದರೆ ನಾವೇನು ಮಾಡಬೇಕು?

ಉತ್ತರ: ತುರ್ತು ದೀಪಗಳು ಬೇಗನೆ ಹೊತ್ತಿಕೊಳ್ಳುತ್ತವೆ. ಲಿಫ್ಟ್ ಹತ್ತಬೇಡಿ, ಲೈಫ್ ಜಾಕೆಟ್ ಎಲ್ಲಿದೆ ಎಂದು ನೋಡಿಕೊಳ್ಳಿ, ಧ್ವನಿವರ್ಧಕದ ಸೂಚನೆಗೆ ಕಿವಿಗೊಡಿ. 2019ರ ಮಾರ್ಚಿನಲ್ಲಿ ನಾರ್ವೆಯ ಕರಾವಳಿಯ ಬಳಿ ‘ವೈಕಿಂಗ್ ಸ್ಕೈ’ ಹಡಗು ಬಿರುಗಾಳಿಯಲ್ಲಿ ಎಲ್ಲ ವಿದ್ಯುತ್ತನ್ನೂ ಕಳೆದುಕೊಂಡಿತ್ತು. ಲೂಬ್ರಿಕೇಟಿಂಗ್ ಆಯಿಲ್ ಕಡಿಮೆಯಿದ್ದ ಟ್ಯಾಂಕುಗಳು ಹೊಯ್ದಾಟಕ್ಕೆ ಸಿಕ್ಕಿದ್ದೇ ಅದಕ್ಕೆ ಕಾರಣವಾಗಿತ್ತು. ಹಡಗಿನಲ್ಲಿದ್ದ 1,373 ಮಂದಿಯಲ್ಲಿ ನೂರಾರು ಜನರನ್ನು ಹೆಲಿಕಾಪ್ಟರುಗಳು ಒಬ್ಬೊಬ್ಬರನ್ನಾಗಿ ಮೇಲೆತ್ತಿ ದಡ ಸೇರಿಸಿದವು. ಉಳಿದವರು ಸಿಬ್ಬಂದಿ ಸೇರಿಸಿದ ಜಾಗದಲ್ಲಿಯೇ ಕಾದಿದ್ದು ಮರುದಿನ ಹಡಗಿನಲ್ಲೇ ಬಂದರು ತಲುಪಿದರು.