ವಾಗ್ದಾನದ ಚೀಟಿ ಮತ್ತು ಬೆಂಗಳೂರಿನ ನೌಕರಿ

ಹೊಸ ವರ್ಷದ ಆರಾಧನೆಯಲ್ಲಿ ಬೈಬಲ್ ವಚನ ಬರೆದ ವಾಗ್ದಾನದ ಚೀಟಿ ಎತ್ತಿದಾಗ ಯೆರೆಮೀಯ 29:11 ಬಂತು, ಇದು ಬೀದರ್ ಬಿಟ್ಟು ಬೆಂಗಳೂರಿನ ನೌಕರಿಗೆ ಹೋಗು ಅಂತ ದೇವರ ಸೂಚನೆಯೇ ಅಂತ ಕೇಳಿದ್ದೀರಿ. ನಾನೂ ಬೀದರಿನ ಮೆಥೊಡಿಸ್ಟ್ ಮನೆಯವನೇ. ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲೂ ಅದೇ ವಚನ, ಒಗ್ಗರಣೆ ಹೊಗೆಗೆ ಅರ್ಧ ಮಾಸಿತ್ತು. ನಿಮ್ಮ ಬಗ್ಗೆ ನನ್ನ ಯೋಚನೆ ಕೇಡಿಗಲ್ಲ, ಹಿತಕ್ಕೆ ಅಂತ ದೇವರು ಅನ್ನೋದನ್ನ ಓದಿದರೆ ಯಾರಿಗಾದರೂ ಬ್ಯಾಗ್ ತುಂಬೋಣ ಅನಿಸುತ್ತೆ.

ಆದರೆ ಒಂದು ಸಾಲು ಮೇಲೆ ಓದಿ ನೋಡ್ರಿ. ಅದು ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. 10ನೇ ವಚನದಲ್ಲಿ 70 ವರ್ಷ ಕಳೆದ ಮೇಲೆ ಊರಿಗೆ ಮರಳಿಸುತ್ತೇನೆ ಅಂತಿದೆ! ಅಂದರೆ ಅಂದು ಪತ್ರ ಕೇಳಿಸಿಕೊಂಡ ಹಿರಿಯರು ಊರಿಗೆ ಮರಳೋದು ಕನಸಿನ ಮಾತು. ಅಲ್ಲೀತನಕ ಅಲ್ಲೇ ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ಆ ಊರಿಗಾಗಿ ಪ್ರಾರ್ಥಿಸಿ ಅಂತ ಹೇಳುತ್ತೆ. ಹಿಂದಿನ ಅಧ್ಯಾಯದ ಸುಳ್ಳು ಪ್ರವಾದಿ ಹನನ್ಯ ಯೆರೆಮೀಯನ ಕುತ್ತಿಗೆಯ ಮರದ ನೊಗ ಮುರಿದು, ಸೆರೆಹೋದವರು ಮರಳೋದಕ್ಕೆ ಎರಡೇ ವರ್ಷ ಸಾಕು ಅಂದಿದ್ದ. ಕೇಳಲಿಕ್ಕೆ ಹಿತವಾಗಿದ್ದದ್ದು ಅದೇ, ಸುಳ್ಳಾದದ್ದೂ ಅದೇ.

ಹಾಗಂತ ಚೀಟಿ ಹರಿದು ಹಾಕಬೇಡಿ. ದೇವರು ಎಂಥವನು ಅಂತ ಅದು ತೋರಿಸುತ್ತೆ, ಯಾವ ಬಸ್ ಹತ್ತಬೇಕು ಅಂತಲ್ಲ. ಪೆಂತೆಕೊಸ್ತ್ ಗೆಳೆಯರು ಇದನ್ನ ಒಪ್ಪಲಿಕ್ಕಿಲ್ಲ, ದೇವರು ಇಂದೂ ನೇರವಾಗಿ ಮಾತಾಡುತ್ತಾನೆ ಅಂತಾರೆ. ಇರಲಿ, ಆದರೆ ಅಪೊಸ್ತಲ ಪೌಲನೇ ತನ್ನ ಪತ್ರವಾದ 1 ಥೆಸಲೋನಿಕ 5ರಲ್ಲಿ ಪ್ರವಾದನೆಯನ್ನ ತಿರಸ್ಕರಿಸಬೇಡಿ ಅಂದವನು, ಬೆನ್ನಿಗೇ ಎಲ್ಲವನ್ನೂ ಪರೀಕ್ಷಿಸಿ ಅಂತಾನೆ.

ಅಂದಹಾಗೆ ಸಂಬಳ ಎಷ್ಟು, ಊರಲ್ಲಿ ಅಮ್ಮನ ಜೊತೆ ಯಾರಿರ್ತಾರೆ, ಅದನ್ನ ನೀವು ಬರೆದೇ ಇಲ್ಲವಲ್ಲ?