ಕೈಯೆಲ್ಲಾ ಹಿಟ್ಟು, ಸ್ಕ್ರೀನ್ ಮುಟ್ಟೋದು ಹೇಗೆ?

ಪ್ರಶ್ನೆ: ಮಾಟುಂಗಾದಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಉಂಟು. ಈಗ ಆರ್ಡರೆಲ್ಲ ಅಡುಗೆಮನೆ ಸ್ಕ್ರೀನಲ್ಲೇ ಬರ್ತದೆ, ಒಂದು ಮುಗಿದ ಕೂಡ್ಲೇ ಮುಟ್ಟಿ ತೆಗೀಬೇಕು. ದೋಸೆ ಭಟ್ರ ಕೈಯಲ್ಲಿ ಯಾವಾಗ್ಲೂ ಹಿಟ್ಟು, ಎಣ್ಣೆ. ಗಾಳಿಯಲ್ಲಿ ಕೈ ಬೀಸಿದ್ರೆ ಸಾಕು, ಅಂಥ ಸೆನ್ಸರ್ ಸಿಗ್ತದೆ ಅಂತಾನೆ ಮಗ. ಹಾಕಿಸ್ಬಹುದಾ?
– ಹೋಟೆಲ್ ಮಾಲಕರು, ಮಾಟುಂಗಾ

ಉತ್ತರ: ಮಗ ಹೇಳಿದ್ದು ಸರಿ ಮಾರಾಯ್ರೇ. 2010ರಲ್ಲಿ ಮೈಕ್ರೋಸಾಫ್ಟ್‌ನವ್ರು ಎಕ್ಸ್‌ಬಾಕ್ಸ್ ಗೇಮಿಗೆ ಕಿನೆಕ್ಟ್ ಅಂತ ಒಂದು ಸೆನ್ಸರ್ ಬಿಟ್ರಲ್ಲ, ಅದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಚುಕ್ಕೆಗಳನ್ನ ಕೋಣೆ ತುಂಬ ಚೆಲ್ಲಿ, ಆ ಚುಕ್ಕೆ ಎಲ್ಲಿ ಎಷ್ಟು ಸರಿದಿದೆ ಅಂತ ನೋಡಿ ಮನುಷ್ಯ ಎಷ್ಟು ದೂರ ಇದ್ದಾನೆ, ಕೈ ಎಲ್ಲಿದೆ ಅಂತ ಲೆಕ್ಕ ಹಾಕ್ತಿತ್ತು. ಆಮೇಲೆ 2013ರಲ್ಲಿ ಬಂದ ಲೀಪ್ ಮೋಷನ್ ಅಂಗೈಯಗಲದ್ದು, ಟೇಬಲ್ ಮೇಲಿಟ್ರೆ ಮೇಲೆ ಆಡೋ ಬೆರಳುಗಳನ್ನ ಎರಡು ಕ್ಯಾಮೆರಾದಲ್ಲಿ ಹಿಡೀತದೆ. ಈಗಂತೂ ಸೆನ್ಸರೇ ಬೇಡ, ಗೂಗಲ್‌ನ ಮೀಡಿಯಾಪೈಪ್ ಅನ್ನೋ ಸಾಫ್ಟ್‌ವೇರ್ ಫ್ರೀ ಸಿಗ್ತದೆ, ಮಾಮೂಲಿ ವೆಬ್‌ಕ್ಯಾಮಲ್ಲೇ ಮಣಿಕಟ್ಟು, ಬೆರಳಿನ ಗೆಣ್ಣು, ತುದಿ ಅಂತ ಒಂದು ಕೈಯಲ್ಲಿ 21 ಪಾಯಿಂಟ್ ಗುರುತಿಸ್ತದೆ.

ಆದ್ರೆ ನಿಮ್ಮ ಭಟ್ರನ್ನ ಒಂದ್ಸಲ ನಿಂತು ನೋಡಿ. ಕಾವಲಿಗೆ ನೀರು ಚಿಮುಕಿಸ್ತಾರೆ, ಹಿಡಿಸೂಡಿಯಲ್ಲಿ ಎಡದಿಂದ ಬಲಕ್ಕೆ ಬರ್ರ್ ಅಂತ ಉಜ್ತಾರೆ, ಹಿಟ್ಟು ಹೊಯ್ದು ಸುತ್ತಿಸ್ತಾರೆ. ಕ್ಯಾಮೆರಾಕ್ಕೆ ಅವೆಲ್ಲ ಕೈ ಬೀಸಿದ ಹಾಗೇ, ಕಾವಲಿ ಗುಡಿಸಿದ್ದಕ್ಕೆ ಮೂರು ಟೇಬಲಿನ ಆರ್ಡರ್ ಮಾಯ! ಇದನ್ನ ತಪ್ಪಿಸ್ಲಿಕ್ಕೆ ಅಂಗೈ ಬಿಡಿಸಿ ಸ್ಕ್ರೀನಿಗೆ ತೋರಿಸಿ ಒಂದು ಸೆಕೆಂಡ್ ಹಿಡಿದ್ರೆ ಮಾತ್ರ ಕೆಲಸ ಆಗ್ಬೇಕು ಅಂತ ಪ್ರೋಗ್ರಾಂ ಮಾಡಿಸ್ಬಹುದು, ಸರಿ, ಆದ್ರೆ ಬೆಳಗ್ಗಿನ ರಶ್ಶಲ್ಲಿ ಭಟ್ರು ಆಶೀರ್ವಾದ ಮಾಡೋ ಪೋಸಲ್ಲಿ ನಿಲ್ತಾರಾ? ಮೇಲಿಂದ ಹಬೆ, ಎಣ್ಣೆ ಜಿಡ್ಡು, ಲೆನ್ಸ್ ಆಗಾಗ ಒರೆಸ್ಬೇಕು.

ನನ್ನ ಕೇಳಿದ್ರೆ ಯುಎಸ್‌ಬಿ ಫುಟ್ ಪೆಡಲ್ ತಗೊಳ್ಳಿ. ಹೊಲಿಗೆ ಮಷೀನಿನ ಹಾಗೆ ಕಾಲಲ್ಲಿ ಒತ್ತೋದು, ಕಂಪ್ಯೂಟರಿಗೆ ಅದು ಕೀಬೋರ್ಡಿನ ಒಂದು ಕೀ ಅಷ್ಟೇ. ನಿಮ್ಮ ಸಾಫ್ಟ್‌ವೇರಲ್ಲಿ ಆರ್ಡರ್ ತೆಗೀಲಿಕ್ಕೆ ಕೀ ಉಂಟಾ ಅಂತ ಮೊದ್ಲು ಕೇಳ್ಕೊಳ್ಳಿ.

ಪ್ರಶ್ನೆ: ಮಗಳು ಪುಣೆಯಲ್ಲಿ ಇಂಜಿನಿಯರಿಂಗ್ ಓದ್ತಿದಾಳೆ, ಯಕ್ಷಗಾನದ ಹೆಜ್ಜೆಗಳನ್ನ ಕಂಪ್ಯೂಟರಲ್ಲಿ ಟ್ರ್ಯಾಕ್ ಮಾಡೋ ಪ್ರಾಜೆಕ್ಟ್ ಮಾಡ್ತಾಳಂತೆ. ಹಳೇ ಕಿನೆಕ್ಟ್ ಸೆಕೆಂಡ್‌ಹ್ಯಾಂಡ್ ಸಿಗ್ತಿದೆ, ಕೊಡಿಸ್ಲಾ?
– ಓದುಗರು, ಕೋಥ್ರೂಡ್

ಉತ್ತರ: ಬೇಡ. 2017ರಲ್ಲೇ ಅದ್ರ ತಯಾರಿ ನಿಲ್ತು, ಕಂಪ್ಯೂಟರಿಗೆ ಜೋಡಿಸೋ ಅಡಾಪ್ಟರ್ ಹುಡುಕೋದೇ ಒಂದು ಪ್ರಾಜೆಕ್ಟ್ ಆಗತ್ತೆ. ಮೇಲೆ ಹೇಳಿದ ಮೀಡಿಯಾಪೈಪ್‌ನಲ್ಲೇ ಇಡೀ ದೇಹದ 33 ಪಾಯಿಂಟ್ ಹಿಡಿಯೋ ಮಾಡೆಲ್ ಇದೆ, ಫೋನಲ್ಲಿ ತೆಗೆದ ವಿಡಿಯೋನೂ ಸಾಕು. ವೇಷ ಕಟ್ಟಿದ ಮೇಲೆ ಶೂಟ್ ಮಾಡೋದು ಬೇಡ, ಆ ಭುಜಕೀರ್ತಿ, ಕೇದಗೆ ಮುಂದಲೆ, ಕಚ್ಚೆ ಎಲ್ಲ ಸೇರಿ ಮೊಣಕಾಲು ಎಲ್ಲಿ ಅಂತ ಸಾಫ್ಟ್‌ವೇರಿಗೆ ಗೊತ್ತಾಗಲ್ಲ. ಮೈಗಂಟೋ ಬಟ್ಟೆ ಹಾಕಿ ಅಭ್ಯಾಸದ ಹೊತ್ತಲ್ಲೇ ತೆಗೀಲಿ. ಗಿರಕಿ ಹೊಡೆಯುವಾಗ ಒಂದು ಕೈ ಮೈ ಹಿಂದೆ ಮರೆಯಾಗತ್ತೆ, ಆಗ ಅದು ಅಂದಾಜಿಗೆ ಕೈ ಎಲ್ಲೋ ಇಟ್ಟುಬಿಡತ್ತೆ, ಅದಕ್ಕೇ ಎದುರಿಗೊಂದು ಪಕ್ಕಕ್ಕೊಂದು ಅಂತ ಎರಡು ಫೋನ್ ಇಟ್ಟು ತೆಗೆದ್ರೆ ಒಳ್ಳೇದು.