ವೀರಗಲ್ಲುಗಳ ಹುಡುಕಾಟಕ್ಕೆ ಜಿಯೋಕ್ಯಾಶಿಂಗ್

ಪ್ರಶ್ನೆ: ನಾನು ಬೆಂಗಳೂರಿನ ಹೊರವಲಯದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಅಮೆರಿಕದಲ್ಲಿರುವ ನನ್ನ ತಮ್ಮ ಮಕ್ಕಳೊಡನೆ ಜಿಯೋಕ್ಯಾಶಿಂಗ್ (ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಆಟ) ಆಡುತ್ತ ಅಲ್ಲಿನ ಹಳೆಯ ಸ್ಥಳಗಳನ್ನೆಲ್ಲ ನೋಡುತ್ತಿದ್ದಾನೆ. ನಮ್ಮ ಸುತ್ತಲಿನ ಶಾಸನ, ವೀರಗಲ್ಲುಗಳನ್ನು ವಿದ್ಯಾರ್ಥಿಗಳಿಗೆ ಪರಿಚಯಿಸಲು ಇದನ್ನು ಬಳಸಬಹುದೇ? ಕಲ್ಲಿನ ಬಳಿ ಡಬ್ಬಿ ಇಡುವುದು ಸರಿಯೇ?

ಉತ್ತರ: ಅವಶ್ಯವಾಗಿ ಬಳಸಬಹುದು. ಆದರೆ ಡಬ್ಬಿಯನ್ನು ಮಾತ್ರ ಕಲ್ಲಿನ ಹತ್ತಿರ ಇಡಬೇಡಿ.

ಈ ಆಟ ಹುಟ್ಟಿದ್ದು ಹೀಗೆ: ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದ ನಿಖರತೆಯನ್ನು ಬೇಕೆಂದೇ ತಗ್ಗಿಸುತ್ತಿದ್ದ ಕ್ರಮವನ್ನು ಅಮೆರಿಕ ಸರ್ಕಾರವು 2000ದ ಮೇ ತಿಂಗಳ ಆರಂಭದಲ್ಲಿ ಕೈಬಿಟ್ಟಿತು. ಅದರ ಬೆನ್ನಿಗೇ, ಮೇ 3ರಂದು, ಡೇವ್ ಉಲ್ಮರ್ ಎಂಬವರು ಒರೆಗಾನ್ ರಾಜ್ಯದಲ್ಲಿ ಬಕೆಟ್ ಒಂದನ್ನು ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುವುದು ಈ ಆಟದ ಕ್ರಮ.

ನಿಮಗೆ ಒಪ್ಪುವುದು ಇದರ ಮಲ್ಟಿಕ್ಯಾಶ್ ಎಂಬ ಬಗೆ. ಇದರಲ್ಲಿ ಮೊದಲ ತಾಣಗಳಲ್ಲಿ ಏನನ್ನೂ ಇಡಬೇಕಾಗಿಲ್ಲ. ಅಲ್ಲಿರುವುದನ್ನು ನೋಡಿ ಉತ್ತರಿಸಿದ ಪ್ರಶ್ನೆಗಳಿಂದಲೇ ಡಬ್ಬಿ ಇರುವ ಕೊನೆಯ ತಾಣದ ಅಕ್ಷಾಂಶ, ರೇಖಾಂಶಗಳ ಅಂಕಿಗಳು ದೊರೆಯುತ್ತವೆ. ವೀರಗಲ್ಲು ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರರು ಇರುತ್ತಾರೆ. ವೀರನ ಎದುರಾಳಿಗಳು ಎಷ್ಟು ಮಂದಿ, ಅಪ್ಸರೆಯರು ಎಷ್ಟು ಮಂದಿ ಎಂದು ಎಣಿಸಲು ಹೇಳಿ. ಕಾಲಬುಡದಲ್ಲಿ ಹಸುಗಳಿದ್ದರೆ ಅದು ತುರುಗೋಳಿನ (ದನಗಳನ್ನು ಅಪಹರಿಸಿದಾಗ ನಡೆದ ಕಾಳಗದ) ಕಲ್ಲಾಗಿರಬಹುದೆಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಕಲ್ಲುಗಳು ಎಲ್ಲಿವೆ ಎಂದು ತಿಳಿಯಲು ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟವನ್ನು ನೋಡಿ. 1905ರಲ್ಲಿ ಪ್ರಕಟವಾದ ಈ ಸಂಪುಟವು ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಕೊಡುತ್ತದೆ. ಅದರಲ್ಲಿರುವ ಎಲ್ಲ ಕಲ್ಲುಗಳೂ ಇಂದು ಉಳಿದಿಲ್ಲ. ಯಾವುದು ಉಳಿದಿದೆ ಎಂದು ಹೋಗಿ ನೋಡುವುದೇ ವಿದ್ಯಾರ್ಥಿಗಳಿಗೆ ಒಳ್ಳೆಯ ಕೆಲಸ. ಬೇಗೂರಿನ ನಾಗೇಶ್ವರ ದೇವಾಲಯವನ್ನು ಮರೆಯದೆ ಸೇರಿಸಿ. ಸುಮಾರು 890ರ ಅಲ್ಲಿನ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಕಾಳಗವೊಂದರ ಸಂದರ್ಭದಲ್ಲಿ ಬರುತ್ತದೆ; ಕೆಂಪೇಗೌಡರು ಕೋಟೆ ಕಟ್ಟಿಸುವುದಕ್ಕೆ ಆರು ಶತಮಾನಗಳಿಗೂ ಹಿಂದಿನ ಮಾತಿದು.

ಡಬ್ಬಿ ಬೇಡವೆಂದುದಕ್ಕೆ ಕಾರಣವಿದೆ. ನಮ್ಮ ನಾಡಿನಲ್ಲಿ ನಿಧಿಗಳ್ಳರು ಎಷ್ಟೋ ವೀರಗಲ್ಲುಗಳನ್ನು ಕಿತ್ತುಹಾಕಿದ್ದಾರೆ, ಗುಡಿಗಳ ಗರ್ಭಗೃಹಗಳನ್ನೇ ಅಗೆದಿದ್ದಾರೆ. ಮೊಬೈಲು ಹಿಡಿದು ಕಲ್ಲಿನ ಬುಡದಲ್ಲಿ ತಡಕಾಡುವ ಅಪರಿಚಿತರನ್ನು ಊರಿನವರು ಸಂಶಯದಿಂದ ನೋಡಿದರೆ ಅದು ಅವರ ತಪ್ಪಲ್ಲ, ಮತ್ತು ‘ಇಲ್ಲೇನೋ ಇದೆಯಂತೆ’ ಎಂಬ ಒಂದು ಗಾಳಿಮಾತು ಸಾವಿರ ವರ್ಷ ನಿಂತ ಕಲ್ಲನ್ನು ಒಂದೇ ರಾತ್ರಿಯಲ್ಲಿ ಉರುಳಿಸಬಲ್ಲದು. ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡುವುದು 1958ರ ಕಾಯಿದೆಯಡಿ ಅಪರಾಧವೂ ಹೌದು. ಆದ್ದರಿಂದ ಕೊನೆಯ ಡಬ್ಬಿಯನ್ನು ನಿಮ್ಮ ಶಾಲೆಯಲ್ಲೋ, ಅನುಮತಿ ಪಡೆದು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲೋ ಇಡಿ; ಹೊರಡುವ ಮೊದಲು ಊರಿನ ಹಿರಿಯರಿಗೆ ಮತ್ತು ಅರ್ಚಕರಿಗೆ ವಿಷಯ ತಿಳಿಸಿ.

ಮೊಬೈಲಿನ ಜಿಪಿಎಸ್ ಮರಗಳ ಕೆಳಗೆ ಹಲವು ಮೀಟರುಗಳಷ್ಟು ತಪ್ಪಬಹುದಾದ್ದರಿಂದ ಬೇರೆ ಬೇರೆ ದಿನಗಳಲ್ಲಿ ಅಳೆದು ಸರಾಸರಿ ತೆಗೆಯಿರಿ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಎಣ್ಣೆ ಹಚ್ಚಲು ಬಿಡಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಅಥವಾ ಪಕ್ಕದಿಂದ ಹಿಡಿದ ಟಾರ್ಚಿನ ಬೆಳಕಿನಲ್ಲಿ ಸವೆದ ಅಕ್ಷರಗಳೂ ಬಹುಮಟ್ಟಿಗೆ ಎದ್ದು ಕಾಣುತ್ತವೆ.